ಮೊದಲ ಮೆಟ್ಟಿಲಿನ ಕಥೆ



ಯಶಸ್ಸು ಕಂಡ ಮಹಿಳೆಯರ ಉದ್ಯೋಗ ಜೀವನದ ಕಥೆಗಳು ಇತರ ಮಹಿಳೆಯರಲ್ಲಿ ಆತ್ಮವಿಶ್ವಾಸ ತುಂಬುತ್ತವೆ ಎಂಬ ಮಾತು ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಮಾತು ನಿಜ. ಆದರೆ ಕಥೆಯ ಯಾವ ಭಾಗ ಆ ವಿಶ್ವಾಸವನ್ನು ತುಂಬುತ್ತದೆ ಎಂಬುದನ್ನು ವಿಚಾರಿಸಬೇಕು. ಪ್ರಶಸ್ತಿ, ಪದವಿ, ಕೀರ್ತಿಗಳನ್ನಷ್ಟೇ ಹೇಳಿದರೆ ಕೇಳಿದವಳು ಕೈಮುಗಿದು ಮನೆಗೆ ಹೋಗುತ್ತಾಳೆ. ಮೊದಲ ಮೆಟ್ಟಿಲನ್ನು ಹತ್ತಿದ ಬಗೆಯನ್ನು ಹೇಳಿದರೆ ಅವಳಿಗೂ ದಾರಿ ಕಾಣುತ್ತದೆ.

ಇದೇ ಪುಣೆ ಜಿಲ್ಲೆಗೆ ಸಂಬಂಧಿಸಿದ ಘಟನೆಯೊಂದಿದೆ. ಶಿಗ್ಗಾವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದ ಸುಧಾ ಕುಲಕರ್ಣಿ, ಅಂದರೆ ಇಂದಿನ ಸುಧಾ ಮೂರ್ತಿ, 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿನಿ. ಪುಣೆಯ ಟೆಲ್ಕೋ ಕಂಪನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕುವ ಅಗತ್ಯವಿಲ್ಲ ಎಂಬ ಸಾಲು ಅವರ ಕಣ್ಣಿಗೆ ಬಿತ್ತು. ಅವರು ನೇರವಾಗಿ ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಅಂಚೆ ಕಾರ್ಡು ಬರೆದು ಆಕ್ಷೇಪಿಸಿದರು. ಕೆಲವೇ ದಿನಗಳಲ್ಲಿ ಸಂದರ್ಶನಕ್ಕೆ ಕರೆ ಬಂತು, ಪ್ರಯಾಣದ ವೆಚ್ಚವೂ ಕಂಪನಿಯದೇ.

ಇಲ್ಲಿಂದ ಮುಂದಿನ ಭಾಗವನ್ನು ಗಮನಿಸಬೇಕು. ಅವರಿಗೆ ಹೋಗುವ ಮನಸ್ಸೇ ಇರಲಿಲ್ಲ. ಹಾಸ್ಟೆಲಿನ ಗೆಳತಿಯರು ಹಟ ಹಿಡಿದರು. ಪುಣೆಯ ಸೀರೆಗಳನ್ನು ತರಲೆಂದು ತಲೆಗೆ 30 ರೂಪಾಯಿ ಕೊಟ್ಟು ಕಳಿಸಿದರು. ಸಂದರ್ಶನದಲ್ಲಿ, ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳು ಈವರೆಗೆ ದುಡಿದಿಲ್ಲ ಎಂಬ ಮಾತು ಬಂದಾಗ, ಎಲ್ಲಿಯಾದರೂ ಆರಂಭವಾಗದಿದ್ದರೆ ಮುಂದೆಯೂ ಯಾವ ಹೆಣ್ಣುಮಗಳೂ ಬರಲಾರಳು ಎಂದು ಅವರು ಉತ್ತರಿಸಿದರು. ಆ ಉತ್ತರ ತನ್ನೊಬ್ಬಳಿಗಾಗಿ ಆಡಿದ್ದಲ್ಲ. ಕೆಲಸ ದೊರೆಯಿತು. ಎರಡೇ ವರ್ಷಗಳಲ್ಲಿ, 1976ರ ಸಮಾನ ವೇತನ ಕಾಯಿದೆಯು ನೇಮಕಾತಿಯಲ್ಲಿ ಮಹಿಳೆಯರ ವಿರುದ್ಧ ಭೇದವನ್ನು ನಿಷೇಧಿಸಿತು. ಧೈರ್ಯಕ್ಕೆ ಕಾನೂನಿನ ಆಸರೆಯೂ ಬೇಕು.

ಇನ್ನೊಂದು ಕಥೆಯ ಎಳೆ ಈ ಇಂದಾಪುರ ತಾಲ್ಲೂಕಿನಲ್ಲಿಯೇ ಇದೆ. ವಾಲಚಂದ ಹಿರಾಚಂದ ಅವರು ಕಟ್ಟಿದ ವಾಲಚಂದನಗರದ ಕಾರ್ಖಾನೆ ಇಸ್ರೋದ ರಾಕೆಟ್ಟುಗಳಿಗೆ ಮೋಟಾರು ಕವಚಗಳನ್ನು ತಯಾರಿಸುತ್ತದೆ. ಅದೇ ಇಸ್ರೋಗೆ 1982ರಲ್ಲಿ ಸೇರಿದ ಬೆಂಗಳೂರಿನ ಟಿ.ಕೆ. ಅನುರಾಧಾ, 2011ರ ಜುಲೈನಲ್ಲಿ ಹಾರಿದ ಜಿಸ್ಯಾಟ್-12 ಉಪಗ್ರಹದ ಯೋಜನಾ ನಿರ್ದೇಶಕಿಯಾಗಿದ್ದರು. ಸೇರಿದ ದಿನಕ್ಕೂ ಆ ದಿನಕ್ಕೂ ನಡುವೆ 29 ವರ್ಷಗಳ ದುಡಿಮೆಯಿದೆ. 2014ರ ಸೆಪ್ಟೆಂಬರಿನಲ್ಲಿ ಮಂಗಳಯಾನ ಗುರಿ ಮುಟ್ಟಿದಾಗ, ಸೀರೆಯುಟ್ಟು ಹೂ ಮುಡಿದ ಇಸ್ರೋ ಮಹಿಳೆಯರು ಸಂಭ್ರಮಿಸಿದ ಚಿತ್ರವನ್ನು ದೇಶವೆಲ್ಲ ನೋಡಿತು. ಅವರು ಅಮ್ಮನಂತೆ, ಅತ್ತೆಯಂತೆ, ಪಕ್ಕದ ಮನೆಯ ಅಕ್ಕನಂತೆ ಕಂಡರು. ಆ ಚಿತ್ರದ ಬಲವಿದ್ದುದು ಈ ಸಾಮೀಪ್ಯದಲ್ಲಿಯೇ.

ಆದರೆ ಎಲ್ಲರೂ ಸುಧಾ ಮೂರ್ತಿಯಾಗಲಾರರು ಎಂಬ ಅಳುಕು ಸಹಜ. ಆಗಬೇಕಾಗಿಯೂ ಇಲ್ಲ. ಊರಿನ ಶಿಕ್ಷಕಿ, ದಾದಿ, ಬ್ಯಾಂಕಿನ ಅಧಿಕಾರಿಣಿ, ಅಂಗಡಿಯ ಲೆಕ್ಕ ನೋಡುವ ಸೊಸೆ ತಮ್ಮ ಕಥೆಗಳನ್ನು ಹೇಳಲಿ. ಸೋತ ಸಂದರ್ಶನ, ಕೂಸನ್ನು ಯಾರ ಬಳಿ ಬಿಟ್ಟದ್ದು, ಮೊದಲ ಸಂಬಳ ಎಷ್ಟಿತ್ತು ಎಂಬುದನ್ನೂ ಮುಚ್ಚಿಡದೆ ಹೇಳಲಿ.

ಕಥೆ ಕೇಳುವ ಮನೆಗೂ ಒಂದು ಹೊಣೆಯಿದೆ. ಸಭೆಯಲ್ಲಿ ಸಾಧಕಿಯರಿಗೆ ಚಪ್ಪಾಳೆ ತಟ್ಟಿದ ಕೈಯೇ, ಪುಣೆಯಿಂದ ಮಗಳಿಗೆ ಬಂದ ನೇಮಕಾತಿ ಪತ್ರವನ್ನು ಮದುವೆಯ ಮಾತಿನ ನೆಪದಲ್ಲಿ ಮಡಚಿಟ್ಟರೆ ಕಥೆ ವ್ಯರ್ಥ. ಸೊಸೆಯನ್ನು ಹುಡುಕುವಾಗ ಓದನ್ನು ಕೇಳಿ, ಮದುವೆಯ ನಂತರ ಕೆಲಸ ಬಿಡಿಸುವುದೂ ಅಷ್ಟೇ ಅನ್ಯಾಯ.

ಅಂದು ಗೆಳತಿಯರು ಕೊಟ್ಟದ್ದು ತಲೆಗೆ 30 ರೂಪಾಯಿ ಮತ್ತು ಒಂದಿಷ್ಟು ಒತ್ತಾಯ. ಹೊಸ್ತಿಲಲ್ಲಿ ಅನುಮಾನಿಸುತ್ತ ನಿಂತ ಮಗಳಿಗೆ, ಸೊಸೆಗೆ ಅಷ್ಟನ್ನಾದರೂ ಕೊಡುವುದು ಪ್ರತಿ ಮನೆಗೂ ಸಾಧ್ಯ.