ಇಮೇಲ್ ಕಂಪನಿ ಬದಲಿಸುವ ಮುನ್ನ



ಸಹಕಾರಿ ಸಂಘವೊಂದು ತನ್ನ ಸದಸ್ಯರಿಗೆ ವಾರ್ಷಿಕ ಮಹಾಸಭೆಯ ನೋಟಿಸನ್ನು ಇಮೇಲ್ ಮೂಲಕ ಕಳಿಸುತ್ತದೆ ಎಂದುಕೊಳ್ಳಿ. ಶಾಲೆ ಶುಲ್ಕದ ರಸೀದಿ ಕಳಿಸುತ್ತದೆ, ಹೊರದೇಶದ ಕನ್ನಡ ಕೂಟ ರಾಜ್ಯೋತ್ಸವದ ಆಮಂತ್ರಣ ಕಳಿಸುತ್ತದೆ. ಹೀಗೆ ಸಾವಿರಾರು ಜನರಿಗೆ ಒಟ್ಟಿಗೆ ಇಮೇಲ್ ಕಳಿಸಿಕೊಡುವುದನ್ನೇ ಕಸುಬು ಮಾಡಿಕೊಂಡ ಕಂಪನಿಗಳಿವೆ. ದರ ಏರಿತು ಎಂದೋ, ಸೌಲಭ್ಯ ಸಾಲದು ಎಂದೋ ಸಂಘದವರು ಒಂದು ದಿನ ಕಂಪನಿ ಬದಲಿಸುತ್ತಾರೆ. ವಿಳಾಸಪಟ್ಟಿಯನ್ನು ಹೊಸ ಕಡೆಗೆ ಹಾಕಿ ನೋಟಿಸು ಕಳಿಸುತ್ತಾರೆ. ಪರದೆಯ ಮೇಲೆ ‘ಡೆಲಿವರ್ಡ್’ ಎಂದು ಬರುತ್ತದೆ. ಆದರೆ ಸದಸ್ಯರನ್ನು ಕೇಳಿದರೆ ನೋಟಿಸೇ ಬಂದಿಲ್ಲ ಎನ್ನುತ್ತಾರೆ. ಹುಡುಕಿದಾಗ ಅದು ಸ್ಪ್ಯಾಮ್ ಫೋಲ್ಡರಿನಲ್ಲಿ ಸಿಗುತ್ತದೆ.

ಯಾರೂ ಸುಳ್ಳು ಹೇಳುತ್ತಿಲ್ಲ. ‘ಡೆಲಿವರ್ಡ್’ ಎಂದರೆ ಎದುರಿನ ಸರ್ವರ್ ಪತ್ರವನ್ನು ಒಪ್ಪಿಕೊಂಡಿತು ಎಂದಷ್ಟೇ ಅರ್ಥ. ಒಪ್ಪಿಕೊಂಡ ಮೇಲೆ ಅದನ್ನು ಎಲ್ಲಿ ಇಟ್ಟಿತು ಎಂಬುದನ್ನು ಅದು ಕಳಿಸಿದವರಿಗೆ ತಿಳಿಸುವುದಿಲ್ಲ.

ಪತ್ರ ಪಡೆಯುವ ಸರ್ವರ್‌ಗೆ ಇಷ್ಟೊಂದು ಅನುಮಾನ ಯಾಕೆ? ಇಂದಿಗೂ ಇಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ನಿಯಮಾವಳಿ ಪ್ರಕಟವಾದದ್ದು 1982ರಲ್ಲಿ. ಕಳಿಸಿದವರ ಜಾಗದಲ್ಲಿ ಯಾರು ಯಾರ ವಿಳಾಸ ಬರೆದರೂ ಅದು ಪ್ರಶ್ನಿಸುತ್ತಿರಲಿಲ್ಲ. ಮೋಸದ ಪತ್ರಗಳು ಹೆಚ್ಚಿದ ಮೇಲೆ ಮೂರು ತಪಾಸಣೆಗಳು ಬಂದವು. ನಮ್ಮ ಹೆಸರಿನಲ್ಲಿ ಪತ್ರ ಕಳಿಸಲು ಯಾವ ಸರ್ವರ್‌ಗಳಿಗೆ ಅನುಮತಿ ಇದೆ ಎಂದು ಸಾರುವುದು ಎಸ್‌ಪಿಎಫ್. ಪತ್ರದ ಮೇಲೆ ಡಿಜಿಟಲ್ ಸಹಿ ಹಾಕುವುದು ಡಿಕಿಮ್. ಓದುಗರಿಗೆ ಕಾಣುವ ವಿಳಾಸಕ್ಕೂ ಈ ಎರಡರಲ್ಲಿ ಒಂದಕ್ಕಾದರೂ ತಾಳೆ ಇದೆಯೇ, ಇಲ್ಲದಿದ್ದರೆ ಏನು ಮಾಡಬೇಕು ಎಂದು ಹೇಳುವುದು ಡಿಮಾರ್ಕ್. 2024ರ ಫೆಬ್ರವರಿಯಿಂದ, ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರಿಗೆ ಗೂಗಲ್ ಈ ಮೂರನ್ನೂ ಕಡ್ಡಾಯ ಮಾಡಿತು. ಅದೇ ಹೊತ್ತಿಗೆ ಯಾಹೂ ಕೂಡ ಇಂಥದ್ದೇ ನಿಯಮ ತಂದಿತು.

ಕಂಪನಿ ಬದಲಿಸುವಾಗ ಮೊದಲು ಎಡವಟ್ಟಾಗುವುದು ಇಲ್ಲೇ. ಹೊಸ ಕಂಪನಿ ಕೊಟ್ಟ ಎಸ್‌ಪಿಎಫ್ ಸಾಲನ್ನು ಹಳೆಯದರ ಪಕ್ಕದಲ್ಲಿ ಎರಡನೆಯ ಸಾಲಾಗಿ ಸೇರಿಸಿಬಿಡುತ್ತಾರೆ. ನಿಯಮದ ಪ್ರಕಾರ ಒಂದು ಡೊಮೇನಿಗೆ, ಅಂದರೆ ಇಮೇಲ್ ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರಿಗೆ, ಒಂದೇ ಎಸ್‌ಪಿಎಫ್ ಸಾಲು. ಎರಡಿದ್ದರೆ ಎರಡೂ ಕೆಡುತ್ತವೆ. ಆದ್ದರಿಂದ ಹೊಸ ಕಂಪನಿಯ ಹೆಸರನ್ನು ಇರುವ ಸಾಲಿನೊಳಗೇ ಸೇರಿಸಬೇಕು. ಡಿಕಿಮ್ ವಿಷಯದಲ್ಲಿ ಈ ತೊಡಕಿಲ್ಲ, ಸಹಿಯನ್ನು ಪರೀಕ್ಷಿಸುವ ಹಳೆಯ ಮತ್ತು ಹೊಸ ಕೀಲಿಗಳು ಒಟ್ಟಿಗೇ ಇರಬಹುದು. ಆದರೆ ಹೊಸ ಕಂಪನಿ ನಿಮ್ಮ ಡೊಮೇನಿನ ಬದಲು ತನ್ನದೇ ಹೆಸರಿನಲ್ಲಿ ಸಹಿ ಹಾಕುತ್ತಿದ್ದರೆ, ಸಹಿ ಸರಿಯಾಗಿದ್ದೂ ಡಿಮಾರ್ಕ್ ತಪ್ಪಬಹುದು.

ಇದನ್ನು ನೀವೇ ನೋಡಿ ತಿಳಿಯಬಹುದು. ಹೊಸ ಕಂಪನಿಯ ಮೂಲಕ ನಿಮ್ಮ ಜಿಮೇಲ್ ವಿಳಾಸಕ್ಕೆ ಒಂದು ಪತ್ರ ಕಳಿಸಿಕೊಳ್ಳಿ. ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಮೂರು ಚುಕ್ಕಿಗಳನ್ನು ಒತ್ತಿ, ‘ಶೋ ಒರಿಜಿನಲ್’ ಎಂಬುದನ್ನು ಆರಿಸಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ ‘ಪಾಸ್’ ಎಂದಿರಬೇಕು. ಒಂದರ ಮುಂದೆ ‘ಫೇಲ್’ ಎಂದಿದ್ದರೂ ಸದಸ್ಯರಿಗೆ ನೋಟಿಸು ಕಳಿಸುವ ಕೆಲಸ ಅಲ್ಲಿಗೇ ನಿಲ್ಲಲಿ.

ಮೂರೂ ಸರಿಯಾದರೆ ನೀವು ನೀವೇ ಎಂಬುದು ಖಚಿತವಾಯಿತು. ನೀವು ನಂಬಿಗಸ್ತರು ಎಂಬುದು ಇನ್ನೂ ಆಗಬೇಕು. ಇಷ್ಟು ದಿನ ನಿಮ್ಮ ಪತ್ರಗಳು ಹೊರಟ ಐಪಿ ವಿಳಾಸಕ್ಕೆ ಜಿಮೇಲ್, ಔಟ್‌ಲುಕ್‌ಗಳ ಲೆಕ್ಕದಲ್ಲಿ ಒಂದು ಹೆಸರಿತ್ತು. ಅದು ಹಳೆಯ ಕಂಪನಿಯಲ್ಲೇ ಉಳಿಯಿತು. ಹೊಸ ಊರಿಗೆ ಹೋದವರಿಗೆ ಕಿರಾಣಿ ಅಂಗಡಿಯಲ್ಲಿ ಮೊದಲ ದಿನವೇ ಉದ್ರಿ ಹುಟ್ಟುವುದಿಲ್ಲವಲ್ಲ, ಹಾಗೆ. ಹೊಸ ಐಪಿಯಿಂದ ಮೊದಲ ದಿನವೇ 20,000 ಪತ್ರ ಹೊರಟರೆ ಅದು ಸ್ಪ್ಯಾಮ್ ಕಳಿಸುವವರ ನಡತೆಯಂತೆಯೇ ಕಾಣುತ್ತದೆ. ಇತ್ತೀಚೆಗೆ ನಿಮ್ಮ ಪತ್ರಗಳನ್ನು ತೆರೆದು ಓದಿದ ಕೆಲವು ನೂರು ಜನರಿಂದ ಶುರು ಮಾಡಿ. ದೂರು ಬಾರದಿದ್ದರೆ ಸಂಖ್ಯೆಯನ್ನು ಕೆಲವು ವಾರಗಳಲ್ಲಿ ಮೆಲ್ಲಗೆ ಏರಿಸಿ. ಅಲ್ಲಿಯವರೆಗೆ ಉಳಿದವರ ಪತ್ರಗಳು ಹಳೆಯ ಕಂಪನಿಯ ಮೂಲಕವೇ ಹೋಗಲಿ.

ಇಷ್ಟೆಲ್ಲ ಮಾಡಿದವರೂ ಮರೆಯುವ ಒಂದು ಸಂಗತಿಯನ್ನು ನಾನು ಒತ್ತಿ ಹೇಳಬೇಕು. ವಿಳಾಸಪಟ್ಟಿಯನ್ನು ಎಲ್ಲರೂ ಜೋಪಾನವಾಗಿ ಕೊಂಡೊಯ್ಯುತ್ತಾರೆ, ಬೇಡ ಎಂದವರ ಪಟ್ಟಿಯನ್ನು ಹಿಂದೆ ಬಿಟ್ಟುಹೋಗುತ್ತಾರೆ. ‘ಅನ್‌ಸಬ್‌ಸ್ಕ್ರೈಬ್’ ಒತ್ತಿದವರು, ಸ್ಪ್ಯಾಮ್ ಎಂದು ದೂರಿದವರು, ಪತ್ರ ತಲುಪದೆ ಬೌನ್ಸ್ ಆದ ಸತ್ತ ವಿಳಾಸಗಳು, ಈ ದಾಖಲೆಯೆಲ್ಲ ಹಳೆಯ ಕಂಪನಿಯ ಖಾತೆಯಲ್ಲಿರುತ್ತದೆ. ಅದನ್ನು ಬಿಟ್ಟು ನಿಮ್ಮ ಮೂಲ ಎಕ್ಸೆಲ್ ಹಾಳೆಯನ್ನೇ ಹೊಸ ಕಡೆ ಹಾಕಿದರೆ, ಬೇಡ ಎಂದವರಿಗೆಲ್ಲ ಪತ್ರ ಮತ್ತೆ ಹೋಗುತ್ತದೆ. ಅವರು ಈ ಸಲ ‘ಅನ್‌ಸಬ್‌ಸ್ಕ್ರೈಬ್’ ಹುಡುಕುತ್ತಾ ಕೂರುವುದಿಲ್ಲ, ಸೀದಾ ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. ಈ ದೂರುಗಳ ಪ್ರಮಾಣ ಶೇಕಡಾ 0.3 ಮುಟ್ಟಲೇಬಾರದು ಎನ್ನುತ್ತದೆ ಗೂಗಲ್. ಅಂದರೆ ಸಾವಿರಕ್ಕೆ ಮೂರು ಜನ. ಸತ್ತ ವಿಳಾಸಗಳ ಅಪಾಯವೇ ಬೇರೆ. ಯಾರೂ ಬಳಸದ ಕೆಲವು ವಿಳಾಸಗಳನ್ನು ಸ್ಪ್ಯಾಮ್ ಹಿಡಿಯುವ ಬಲೆಯಾಗಿ ಇಟ್ಟಿರುತ್ತಾರೆ. ಅವುಗಳಿಗೆ ಪತ್ರ ಕಳಿಸಿದವರು ಕಪ್ಪುಪಟ್ಟಿ ಸೇರಬಹುದು.

ಇದು ಬರೀ ತಾಂತ್ರಿಕ ಎಚ್ಚರಿಕೆಯಲ್ಲ. ಬೇಡ ಎಂದು ಒಬ್ಬರು ಹೇಳಿದ್ದರೆ, ನಾವು ಕಂಪನಿ ಬದಲಿಸಿದ ಮಾತ್ರಕ್ಕೆ ಆ ಮಾತು ಅಳಿಸಿಹೋಗುವುದಿಲ್ಲ. ಅದನ್ನು ಮೀರಿದ ದಂಡವನ್ನು ಕಟ್ಟುವವರು ಪಾಪ ಬೇರೆಯವರು: ರಸೀದಿಗಾಗಿ ಕಾಯುತ್ತಿರುವ ಪೋಷಕರು, ನೋಟಿಸು ಸಿಗದೆ ಮತದ ಹಕ್ಕು ಚಲಾಯಿಸಲಾಗದ ಸದಸ್ಯರು.

ಆದ್ದರಿಂದ ಹಳೆಯ ಕಂಪನಿಯ ಖಾತೆ ಮುಚ್ಚುವ ಮೊದಲು ಬೇಡ ಎಂದವರ ಪಟ್ಟಿಯನ್ನು ಇಳಿಸಿಕೊಳ್ಳಿ, ಹೊಸ ಖಾತೆಗೆ ಎಲ್ಲಕ್ಕಿಂತ ಮೊದಲು ಅದನ್ನೇ ಏರಿಸಿ. ಪತ್ರ ಬೇಕು ಎಂದವರ ಪಟ್ಟಿ ಆಮೇಲೆ ಬರಲಿ.