ಮಕ್ಕಳ ಪದ್ಯ ಬೀದಿಗೆ ಬರಲಿ

(ಗಿರಣಿ ಕೇರಿಯ ಬಯಲಿನಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳು ಪದ್ಯಗಳನ್ನು ಹೇಳಿದ ಸಂಜೆ ಮಾಡಿದ ಭಾಷಣ)



ಮಕ್ಕಳು ತಾವು ಹೇಳಬೇಕಾದುದನ್ನು ಚೆನ್ನಾಗಿ ಹೇಳಿ ಕುಳಿತಿದ್ದಾರೆ. ಅವರ ಹಿಂದೆ ಎದ್ದು ಮಾತಾಡುವುದು ಯಾವ ಭಾಷಣಕಾರನಿಗೂ ಸುಲಭವಲ್ಲ. ಈ ಕಾರ್ಯಕ್ರಮವನ್ನು ನಡೆಸಿದವರು ಶಾಲೆಯ ಮೇಷ್ಟ್ರುಗಳು ಮತ್ತು ತಾಯ್ತಂದೆಯರು. ನಾವು ಚಾಪೆ ಹಾಸಿ ದೀಪ ಕಟ್ಟಿದವರಷ್ಟೆ. ಆದರೂ ಎರಡು ಮಾತು ಹೇಳಲೇಬೇಕಾಗಿದೆ. ಏಕೆಂದರೆ ಈ ಸಂಗತಿ ಗೊತ್ತಾದ ದಿನದಿಂದ ನಮಗೆ ಎರಡು ಪ್ರಶ್ನೆಗಳು ಬಂದಿವೆ.

ಮೊದಲನೆಯದು ಹಿರಿಯ ಕಾರ್ಮಿಕ ಬಂಧುಗಳದು. "ಬೋನಸ್ಸಿನ ಮಾತು ಇತ್ಯರ್ಥವಾಗಿಲ್ಲ, ಬೇಳೆಯ ಧಾರಣೆ ಇಳಿದಿಲ್ಲ. ಇಂಥ ಹೊತ್ತಿನಲ್ಲಿ ನಿಮಗೆ ಮಕ್ಕಳ ಪದ್ಯದ ಗೊಡವೆ ಯಾಕೆ?" ಎಂದು ಕೇಳಿದರು. ಎರಡನೆಯದು ನಮ್ಮ ತರುಣ ಕಾರ್ಯಕರ್ತರದು. "ಮಕ್ಕಳು ಬಯಲಿಗೆ ಬರುವುದೇ ಆದರೆ ಗಡಿಯಾರ, ತುತ್ತೂರಿಗಳ ಪದ್ಯ ಯಾಕೆ? ಹೋರಾಟದ ಹಾಡುಗಳನ್ನೇ ಕಲಿಸಬಾರದೆ?" ಎಂದರು. ಎರಡೂ ನ್ಯಾಯವಾದ ಪ್ರಶ್ನೆಗಳು. ಎರಡಕ್ಕೂ ಉತ್ತರ ಕೊಡುವುದು ನಮ್ಮ ಕರ್ತವ್ಯ.

ಮೊದಲು ಒಂದು ಹಳೆಯ ಸಂಗತಿಯನ್ನು ನೆನೆಯೋಣ. ಮಕ್ಕಳು ಗುಂಪುಗೂಡಿ ಊರೊಳಗೆ ಪದ್ಯ ಹೇಳುವುದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಸರ್ಕಾರಿ ಶಾಲೆಗಳು ಬರುವುದಕ್ಕೆ ಮುಂಚೆ ನಮ್ಮ ನಾಡಿನಲ್ಲಿ ಐಗಳ ಮಠಗಳಿದ್ದವು. ಕೂಲಿಮಠವೆಂದೂ ಕರೆಯುತ್ತಿದ್ದರು. ಜಗಲಿಯ ಮೇಲೆ ಮರಳು ಹರಡಿ, ಮಕ್ಕಳ ಬೆರಳು ಹಿಡಿದು ಐಗಳು ಅಕ್ಷರ ತಿದ್ದಿಸುತ್ತಿದ್ದರು. ಮಹಾನವಮಿ ಬಂದಿತೆಂದರೆ ಆ ಮಕ್ಕಳನ್ನು ಕರೆದುಕೊಂಡು ಮನೆಮನೆಗೂ ಹೋಗುವರು. ಮಕ್ಕಳು ಕೋಲು, ಬಿಲ್ಲು ಹಿಡಿದು, ಕಲಿತ ಚೌಪದಗಳನ್ನು ಒಕ್ಕೊರಲಿನಿಂದ ಹೇಳುವರು. ಮನೆಯವರು ಸಂತೋಷಪಟ್ಟು ಐಗಳಿಗೆ ಕಾಣಿಕೆ ಕೊಡುವರು, ಮಕ್ಕಳ ಕೈಗೆ ತಿಂಡಿ ಹಾಕುವರು. ಕರಾವಳಿಯ ಕಡೆಗೆ ಹೂವಿನಕೋಲು ಎಂಬ ಪದ್ಧತಿಯಿದೆ. ನವರಾತ್ರಿಯಲ್ಲಿ ಹುಡುಗರು ಹೂವಿನಿಂದ ಸಿಂಗರಿಸಿದ ಕೋಲು ಹಿಡಿದು, ಮನೆಗಳಲ್ಲಿ ಎದುರುಬದುರಾಗಿ ಕುಳಿತು ಯಕ್ಷಗಾನ ಪ್ರಸಂಗದ ಮಾತುಗಳನ್ನು ಹೇಳುತ್ತಾರೆ. ಅದರ ಬೇರು ಕೂಡ ಐಗಳ ಮಠದಲ್ಲೇ ಇದೆ.

ಈ ಪದ್ಧತಿಯಲ್ಲಿ ಒಳ್ಳೆಯದೂ ಇತ್ತು, ಕೆಟ್ಟದೂ ಇತ್ತು. ಮಠದಲ್ಲಿ ಏನು ಕಲಿಸುತ್ತಾರೆಂಬುದು ಊರಿನ ಕಿವಿಗೆ ಬೀಳುತ್ತಿತ್ತು. ಅಕ್ಷರ ಬಾರದ ತಾಯಿಯೂ ತನ್ನ ಮಗ ಕಲಿತದ್ದನ್ನು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಶಾಲೆಗೂ ಊರಿಗೂ ನಡುವೆ ಗೋಡೆ ಇರಲಿಲ್ಲ. ಇದು ಒಳ್ಳೆಯದು. ಕೆಟ್ಟದ್ದೇನೆಂದರೆ, ಮಕ್ಕಳ ಪದ್ಯ ಐಗಳ ಹೊಟ್ಟೆಪಾಡಿನ ದಾರಿಯಾಗಿತ್ತು. ಅವರಿಗೆ ಸಂಬಳವಿಲ್ಲ. ಆದ್ದರಿಂದ ಮೆರವಣಿಗೆ ದೊಡ್ಡ ಬಾಗಿಲುಗಳ ಕಡೆಗೇ ತಿರುಗಬೇಕಾಗಿತ್ತು. ಕೇರಿಯ ಮಕ್ಕಳಿಗೆ ಆ ಜಗಲಿಯಲ್ಲಿ ಸಾಮಾನ್ಯವಾಗಿ ಜಾಗವಿರಲಿಲ್ಲ, ಹೆಣ್ಣುಮಕ್ಕಳಿಗೂ ಇರಲಿಲ್ಲ. ಪದ್ಯ ಕೇರಿಗೆ ಬರಲಿಲ್ಲ, ಕೇರಿಯ ಮಗು ಪದ್ಯದ ಬಳಿಗೆ ಹೋಗಲಿಲ್ಲ.

ಈಗ ಮೇಷ್ಟ್ರಿಗೆ ಸರ್ಕಾರ ಸಂಬಳ ಕೊಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕಿದೆ. ಹಾಗಿರುವಾಗ ಹಳೆಯದರ ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಉಳಿಸಿಕೊಳ್ಳಬೇಕಾಗಿತ್ತು. ಆದದ್ದೇನು? ಕಾಣಿಕೆಯ ಜೊತೆಗೆ ಪದ್ಯವೂ ಬೀದಿಯಿಂದ ಹೋಯಿತು. ಶಾಲೆಗೆ ಕಾಂಪೌಂಡು ಬಂದಿತು. ಒಳಗೆ ಏನು ನಡೆಯುತ್ತದೆಂಬುದು ಗಿರಣಿಯಲ್ಲಿ ದುಡಿಯುವ ತಂದೆಗೆ ಗೊತ್ತಿಲ್ಲ. ವರ್ಷಕ್ಕೊಮ್ಮೆ ಅಂಕಪಟ್ಟಿಗೆ ರುಜು ಹಾಕುವುದೇ ಅವನಿಗೂ ಶಾಲೆಗೂ ಇರುವ ಸಂಬಂಧ.

ಇನ್ನು ಮೊದಲನೆಯ ಪ್ರಶ್ನೆ. ಕೂಲಿಗೂ ಪದ್ಯಕ್ಕೂ ಏನು ಸಂಬಂಧ? ನಾವು ಕೆಲವು ವರ್ಷ ಮೇಷ್ಟ್ರಾಗಿದ್ದು ಆಮೇಲೆ ಕಾರ್ಮಿಕರ ನಡುವೆ ಕೆಲಸಕ್ಕೆ ಬಂದವರು. ಎರಡು ಕಡೆಯೂ ನಾವು ಕಂಡದ್ದು ಒಂದೇ ರೋಗ. ಇಪ್ಪತ್ತು ವರ್ಷ ಮಗ್ಗದ ಮುಂದೆ ನಿಂತವನು, ಯಂತ್ರದ ಸದ್ದು ಕೇಳಿಯೇ ಯಾವ ಹಲ್ಲು ಸವೆದಿದೆಯೆಂದು ಹೇಳಬಲ್ಲವನು, ವಿಚಾರಣೆಗೆ ಕರೆದಾಗ ಮೇಜಿನ ಮುಂದೆ ನಿಂತು ಮಾತು ಹೊರಡದೆ ಬೆವರುತ್ತಾನೆ. ತಪ್ಪು ಅವನದಲ್ಲದಿದ್ದರೂ ತಲೆ ತಗ್ಗಿಸುತ್ತಾನೆ. ಲೆಕ್ಕದಲ್ಲಿ ಯಾರಿಗೂ ಸೋಲದ ಸಣ್ಣ ವ್ಯಾಪಾರಿ ಕಚೇರಿಯ ಕಿಟಕಿಯ ಮುಂದೆ ಕೈಕಟ್ಟಿ ನಿಲ್ಲುತ್ತಾನೆ. ಈ ಹೆದರಿಕೆ ಹುಟ್ಟಿನಿಂದ ಬಂದದ್ದಲ್ಲ. "ಬಾಯಿ ಮುಚ್ಚು, ಕೈ ಕಟ್ಟು" ಎಂಬ ಎರಡು ಮಾತಿನಿಂದ ನಾವೇ ಅದನ್ನು ಏಳು ವರ್ಷದ ಮಗುವಿಗೆ ಕಲಿಸುತ್ತೇವೆ.

ಕಾಯಿದೆ ಬೇರೆಯದನ್ನೇ ಹೇಳುತ್ತದೆ. ಅದೇ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಕಲಮನ್ನು ತೆಗೆದು ನೋಡಿ. ಮಗುವನ್ನು ಭಯ, ಆತಂಕಗಳಿಂದ ಬಿಡಿಸಬೇಕು, ತನ್ನ ಅಭಿಪ್ರಾಯವನ್ನು ನಿರ್ಭಯವಾಗಿ ಹೇಳಲು ನೆರವಾಗಬೇಕು ಎಂದು ಅದರಲ್ಲಿದೆ. 17ನೆಯ ಕಲಮು ಮಗುವಿಗೆ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಕಾಗದದ ಮೇಲಿರುವ ಈ ಮಾತು ಮಗುವಿನ ಗಂಟಲಿಗೆ ಇಳಿಯಬೇಕಾದರೆ ಅಭ್ಯಾಸ ಬೇಕು. ನಾಲ್ಕು ಜನರ ಮುಂದೆ ನೆಟ್ಟಗೆ ನಿಂತು, ಮುಖ ಎತ್ತಿ, ಹಿಂದಿನ ಸಾಲಿನವರಿಗೂ ಕೇಳುವಂತೆ ಹತ್ತು ಸಾಲು ಪದ್ಯ ಹೇಳುವುದು ಆ ಅಭ್ಯಾಸದ ಮೊದಲ ಮೆಟ್ಟಿಲು. ಇಂದು ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡೇ ಒಂದು ಹುಡುಗಿ ಪದ್ಯ ಹೇಳಿದಳು. ನಡುವೆ ಮರೆತಳು, ಪಕ್ಕದವಳು ಎತ್ತಿಕೊಟ್ಟಳು, ಮತ್ತೆ ಮುಂದುವರಿಸಿದಳು. ಸಂಘ ಎಂದರೆ ಏನೆಂದು ನಾವು ಎಷ್ಟು ಭಾಷಣ ಮಾಡಿ ಹೇಳಬೇಕೋ ಅಷ್ಟನ್ನೂ ಆ ಇಬ್ಬರು ಹುಡುಗಿಯರು ಅಲ್ಲಿಯೇ ಮಾಡಿ ತೋರಿಸಿದರು.

ಆದುದರಿಂದಲೇ ಗುಂಪು ಮುಖ್ಯ. ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳಲ್ಲಿ ಕಂಠಪಾಠವಿದೆ, ಅಭಿನಯ ಗೀತೆಯಿದೆ. ಅವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಸ್ಪರ್ಧೆಯ ಗುಣವೇ ಹಾಗೆ. ಗೆದ್ದ ಒಂದು ಮಗು ತಾಲ್ಲೂಕಿಗೆ ಹೋಗುತ್ತದೆ, ಉಳಿದವರು ಬೆಂಚಿನಲ್ಲಿ ಉಳಿಯುತ್ತಾರೆ. ತೊದಲುವ ಮಗುವಿಗೆ ಸ್ಪರ್ಧೆಯಲ್ಲಿ ಎಡೆಯಿಲ್ಲ. ಮೇಳದಲ್ಲಿ ಎಡೆಯಿದೆ, ಏಕೆಂದರೆ ಹತ್ತು ದನಿಗಳ ನಡುವೆ ಅದರ ದನಿಯೂ ನಡೆಯಲು ಕಲಿಯುತ್ತದೆ. ಹಾಡು ಆಟಗಳಿಂದ ಕಲಿಸುವುದು ಸರ್ಕಾರಿ ಶಾಲೆಗೆ ಹೊಸದೇನೂ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಮೊದಲಾದ ನಲಿ-ಕಲಿ ಆಮೇಲೆ ನಾಡಿನ ಎಲ್ಲ ಕಡೆಗೂ ಹಬ್ಬಿತು. ಒಳಗೆ ಕಲಿತದ್ದನ್ನು ಹೊರಗೆ ತರುವುದೊಂದೇ ಬಾಕಿ.

ಎರಡನೆಯ ಪ್ರಶ್ನೆಗೆ ಬರೋಣ. ಹೋರಾಟದ ಹಾಡು ಯಾಕೆ ಕಲಿಸಲಿಲ್ಲ? ಮಂತ್ರಿಗಳು ಬರುವ ದಾರಿಯಲ್ಲಿ ಮಕ್ಕಳನ್ನು ಬಿಸಿಲಿಗೆ ಸಾಲಾಗಿ ನಿಲ್ಲಿಸಿ ಜಯಕಾರ ಹಾಕಿಸುವುದನ್ನು ನಾವು ಖಂಡಿಸುತ್ತ ಬಂದಿದ್ದೇವೆ. ಧಣಿಗಳ ಸನ್ಮಾನಕ್ಕೆ ಹೆಣ್ಣುಮಕ್ಕಳನ್ನು ಆರತಿ ತಟ್ಟೆ ಹಿಡಿಸಿ ನಿಲ್ಲಿಸುವುದನ್ನೂ ಖಂಡಿಸಿದ್ದೇವೆ. ಅವರು ಮಾಡಿದರೆ ತಪ್ಪಾದದ್ದು ನಾವು ಮಾಡಿದರೆ ಸರಿಯಾಗುವುದಿಲ್ಲ. ಬಾವುಟ ಕಟ್ಟುವುದಕ್ಕೆ ಬಿದಿರಿನ ಗಳ ಇದೆ, ಮಕ್ಕಳು ಬೇಡ. ಹದಿನೆಂಟು ತುಂಬಿದ ಮೇಲೆ ಅವರು ಯಾರಿಗೆ ಓಟು ಕೊಡಬೇಕೆಂದು ತಾವೇ ಯೋಚಿಸಲಿ. ಯೋಚಿಸುವ ತಲೆ, ಕೇಳುವ ಬಾಯಿ ಎರಡೂ ಅವರಿಗೆ ಇರುವಂತೆ ನೋಡಿಕೊಳ್ಳುವುದಷ್ಟೇ ಈಗ ನಮ್ಮ ಕೆಲಸ.

ಅಲ್ಲದೆ ತರುಣ ಮಿತ್ರರೇ, ಮಕ್ಕಳ ಪದ್ಯವೆಂದರೆ ಹಗುರವಾದದ್ದೆಂದು ತಿಳಿಯಬೇಡಿ. ಅದನ್ನು ಬರೆದವರು ಯಾರು ನೋಡಿ. ಪಂಜೆ ಮಂಗೇಶರಾಯರು (1874–1937) ಉಪಾಧ್ಯಾಯರಾಗಿ, ಶಾಲಾ ತನಿಖಾಧಿಕಾರಿಯಾಗಿ ದುಡಿದವರು. ಮಕ್ಕಳಿಗೆ ಬರೆದ ಆ ಮೇಷ್ಟ್ರು 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಜಿ.ಪಿ. ರಾಜರತ್ನಂ ಮಕ್ಕಳಿಗೆ 'ತುತ್ತೂರಿ' ಕೊಟ್ಟರು. ಕುಡುಕ ರತ್ನನ ಬಾಯಿಯ ಮಾತಿನಲ್ಲೇ 'ರತ್ನನ ಪದಗಳು' ಬರೆದವರೂ ಅವರೇ. ಮಗುವಿನ ಮಾತು, ಕೂಲಿಯವನ ಮಾತು ಎರಡೂ ಪಂಡಿತರ ಸಭೆಯ ಹೊರಗೆ ನಿಂತಿದ್ದವು. ಎರಡನ್ನೂ ಒಬ್ಬನೇ ಕವಿ ಒಳಗೆ ಕರೆತಂದನು.

ದಿನಕರ ದೇಸಾಯಿಯವರ (1909–1982) ಸಂಗತಿಯನ್ನಂತೂ ಕಾರ್ಮಿಕರು ತಿಳಿದಿರಲೇಬೇಕು. ಮುಂಬಯಿಯಲ್ಲಿ ಹಡಗಿನ ಕಾರ್ಮಿಕರ ಸಂಘ ಕಟ್ಟುವುದಕ್ಕೆ ದುಡಿದವರು ಅವರು. ಉತ್ತರ ಕನ್ನಡದ ಗೇಣಿದಾರ ರೈತರ ಹೋರಾಟಕ್ಕಾಗಿ ಜಿಲ್ಲೆಯಿಂದ ಗಡೀಪಾರಾದವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಆ ಜಿಲ್ಲೆಯ ಹಳ್ಳಿಗಳಿಗೆ ಶಾಲೆ ತಂದವರು. 1967ರಲ್ಲಿ ಲೋಕಸಭೆಗೆ ಆರಿಸಿ ಬಂದವರು. ಅಂಥವರು ಮಕ್ಕಳಿಗಾಗಿ ಕುಳಿತು ಗಡಿಯಾರದ ಮೇಲೆ ಪದ್ಯ ಬರೆದರು. ಇಂದು ನಮ್ಮ ಮಕ್ಕಳು ಹೇಳಿದ್ದು ಅದನ್ನೇ. ಗಡಿಯಾರದ ಬೆಲೆ ಪಾಳಿಯಲ್ಲಿ ದುಡಿಯುವವನಿಗೆ ಗೊತ್ತು. 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಯೆಂದು ಮಿತಿ ಗೊತ್ತುಮಾಡುವುದಕ್ಕೆ ಮುಂಚೆ ಎಷ್ಟು ತಲೆಮಾರು ಗಡಿಯಾರ ನೋಡದೆ ದುಡಿದವು! ಹೋರಾಟಗಾರನಿಗೆ ಮಕ್ಕಳ ಪದ್ಯ ಕೀಳಾಗಿ ಕಾಣಲಿಲ್ಲ. ನಮಗೂ ಕಾಣಬಾರದು.

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ತೆಗೆದುಕೊಳ್ಳಿ. ಬ್ರೌನಿಂಗ್ ಎಂಬ ಇಂಗ್ಲಿಷ್ ಕವಿಯ ಕಥೆಯನ್ನು ಅವರು ನಮ್ಮ ಹಳ್ಳಿಯದನ್ನಾಗಿ ಮಾಡಿದರು. ಮಕ್ಕಳು ಅದನ್ನು ಇಲಿಗಳ ಕಥೆಯೆಂದು ಕುಣಿದು ಹೇಳುತ್ತಾರೆ. ಗಿರಣಿಯ ಬಂಧುಗಳು ಕಿವಿಗೊಟ್ಟು ಕೇಳಿದರೆ ಅದು ಕೂಲಿಯ ಕಥೆ. ಜೋಗಿ ಒಪ್ಪಿದ ಕೆಲಸವನ್ನು ಮಾಡಿ ಮುಗಿಸುತ್ತಾನೆ. ಇಲಿಗಳು ಹೋದ ಮೇಲೆ ಗೌಡ ಆಡಿದ ಮಾತಿಗೆ ತಪ್ಪುತ್ತಾನೆ. ಅದರ ಫಲವನ್ನು ಇಡೀ ಊರು ಉಣ್ಣಬೇಕಾಗುತ್ತದೆ. ನಾವು ಘೋಷಣೆ ಬರೆದುಕೊಡುವ ಅಗತ್ಯವೆಲ್ಲಿದೆ? ಒಳ್ಳೆಯ ಪದ್ಯ ನ್ಯಾಯವನ್ನು ತಾನಾಗಿಯೇ ಮಗುವಿನ ಮನಸ್ಸಿನಲ್ಲಿ ಬಿತ್ತುತ್ತದೆ.

ಇನ್ನೊಂದು ಮಾತು, ಭಾಷೆಯದು. ಫೀಜು ತೆಗೆದುಕೊಳ್ಳುವ ಇಂಗ್ಲಿಷ್ ಶಾಲೆಗೆ ಸೇರಿಸಲು ಒಂದು ಹೊತ್ತಿನ ಊಟ ಬಿಟ್ಟವರು ನಿಮ್ಮಲ್ಲಿದ್ದಾರೆ. ಅವರನ್ನು ನಾವು ನಿಂದಿಸುವುದಿಲ್ಲ. ಒಳ್ಳೆಯ ನೌಕರಿಯ ಬಾಗಿಲಿಗೆ ಇಂಗ್ಲಿಷಿನ ಬೀಗ ಹಾಕಿರುವವರು ನೀವಲ್ಲ. ಲೋಹಿಯಾ ಅವರು ವಿರೋಧಿಸಿದ್ದು ಸಾರ್ವಜನಿಕ ಜೀವನದಲ್ಲಿ ಇಂಗ್ಲಿಷಿನ ಯಜಮಾನಿಕೆಯನ್ನು. ಅದನ್ನು ಒಂದು ಭಾಷೆಯಾಗಿ ಕಲಿಯುವುದಕ್ಕೆ ಅವರ ತಕರಾರಿರಲಿಲ್ಲ. ನಿಮ್ಮ ಮಕ್ಕಳೂ ಕಲಿಯಲಿ. ಆದರೆ ಅರ್ಥ ತಿಳಿಯದೆ ನಾಲ್ಕು ಸಾಲು ಒಪ್ಪಿಸುವ ಮಗುವಿಗೂ, ಅರ್ಥ ತಿಳಿದು ತನ್ನ ತಾಯಿಯನ್ನು ನಗಿಸುವ ಮಗುವಿಗೂ ಇರುವ ವ್ಯತ್ಯಾಸವನ್ನು ಇಂದು ನೀವೇ ಕಂಡಿರಿ. ನಮ್ಮ ಕೇರಿಯಲ್ಲಿ ಉರ್ದು, ತೆಲುಗು, ಮರಾಠಿ, ಲಂಬಾಣಿ ಆಡುವ ಮನೆಗಳಿವೆ. ಆ ಮಕ್ಕಳು ಕನ್ನಡದ ಪದ್ಯದ ಜೊತೆಗೆ ಮನೆಯ ಮಾತಿನ ಒಂದು ಹಾಡನ್ನೂ ಹೇಳಲಿ. ಕೇಳಿದರೆ ಕನ್ನಡಕ್ಕೆ ನಷ್ಟವಾಗುವುದಿಲ್ಲ, ಪಕ್ಕದ ಮನೆಯವರ ಪರಿಚಯವಾಗುತ್ತದೆ.

ಈಗ ಆಗಬೇಕಾದ ಕೆಲಸ. ಮೇಳ ಬಾಗಿಲಿಗೆ ಬಂದಾಗ ಯಾರೂ ದುಡ್ಡು ಎಸೆಯಬೇಡಿ. ಐಗಳ ಕಾಲ ಮುಗಿಯಿತು. ಕುಳಿತು ಪೂರ್ತಿ ಕೇಳಿ, ಅದೇ ಕಾಣಿಕೆ. ಮಗು ಮರೆತರೆ ನಗಬೇಡಿ. ಪಾಳಿ ಬಿಡುವ ಹೊತ್ತು ನೋಡಿ ಸಮಯ ಗೊತ್ತುಮಾಡೋಣ, ಎರಡು ಪಾಳಿಯವರೂ ಒಂದೊಂದು ಸಲ ಕೇಳುವಂತಾಗಲಿ. ಮೈಕು ಬೇಡ, ಹಾರ ಬೇಡ, ಅಧ್ಯಕ್ಷರ ಭಾಷಣವೂ ಬೇಡ. ಇಂದು ನಾವು ಮಾಡಿದ್ದೇ ಕೊನೆಯದಾಗಲಿ.

ಅಂಗಡಿಯ ಮಿತ್ರರಲ್ಲಿ ಒಂದು ಪ್ರಾರ್ಥನೆ. ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನು 2016ರ ತಿದ್ದುಪಡಿ ಪೂರ್ತಿಯಾಗಿ ನಿಷೇಧಿಸಿದೆ. ಸ್ವಂತ ಮನೆತನದ ಅಂಗಡಿಯಲ್ಲಿ, ಅದೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ನೆರವಾಗಲು ಮಾತ್ರ ಅವಕಾಶವಿದೆ. ಹಾಗೆ ತಕ್ಕಡಿ ಹಿಡಿಯುವ ನಿಮ್ಮ ಮಗನನ್ನೂ ಪದ್ಯದ ದಿನ ಒಂದು ಗಂಟೆ ಬಿಡಿ. ಗಲ್ಲೆಯ ಮುಂದೆ ಗಿರಾಕಿಗೆ ಉತ್ತರ ಕೊಡುವ ಧೈರ್ಯವೂ ಇಲ್ಲಿಂದಲೇ ಬರುತ್ತದೆ.

ತಾಯ್ತಂದೆಯರಿಗೆ ಹೇಳುವುದು ಎಲ್ಲಕ್ಕಿಂತ ಮುಖ್ಯವಾದದ್ದು. ಶಾಲೆಯ ಉಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಕಾಯಿದೆ ಹೇಳುತ್ತದೆ. ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರೆಂಬ ಲೆಕ್ಕವೂ ಅದರಲ್ಲಿದೆ. ಮುಂದಿನ ಸಭೆಗೆ ಹೋಗಿ. ನಮ್ಮ ಶಾಲೆಗೆ ಎಷ್ಟು ಮೇಷ್ಟ್ರು ಸಲ್ಲಬೇಕು, ಎಷ್ಟಿದ್ದಾರೆ ಎಂದು ಕೇಳಿ. ಪುಸ್ತಕದ ಬೀರುವಿನ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿ. ವಾರಕ್ಕೊಂದು ಅವಧಿ ಪದ್ಯದ ಮೇಳಕ್ಕೆ ಇಡಲು ಸಾಧ್ಯವೇ ಎಂದು ಕೇಳಿ. ಮೇಷ್ಟ್ರುಗಳ ಮೇಲೆ ಹರಿಹಾಯಬೇಡಿ, ಅವರು ನಮ್ಮಂತೆಯೇ ದುಡಿಯುವವರು. ಕೇಳಬೇಕಾದ ಕಡೆಗೆ ಅವರ ಜೊತೆಗೂಡಿ ಅರ್ಜಿ ಬರೆಯಿರಿ. ಬರೆಯಲು ಬಾರದಿದ್ದರೆ ಸಂಘದ ಕಚೇರಿಗೆ ಬನ್ನಿ, ನಾವು ಬರೆದುಕೊಡುತ್ತೇವೆ. ರುಜು ನಿಮ್ಮದೇ ಇರಲಿ.

ಮುಂದಿನ ತಿಂಗಳು ಮಕ್ಕಳು ಮಂಡಿಪೇಟೆಯ ಹಿಂದಿನ ಕೇರಿಗೆ ಹೋಗುವವರಿದ್ದಾರೆ. ಅಲ್ಲಿ ಸಂಜೆಯ ಹೊತ್ತು ದೀಪ ಸಾಲದು, ಕುಳಿತುಕೊಳ್ಳಲು ಚಾಪೆಯೂ ಬೇಕು. ಯಾರು ಏನು ತರುತ್ತೀರೆಂದು ಹೋಗುವ ಮುಂಚೆ ಹೇಳಿ ಹೋಗಿ.