ಔಷಧ ನೀಡಿದ ಕೈ ಅಭಯವನ್ನೂ ನೀಡಲಿ

(ಹೈದರಾಬಾದಿನ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ಮಾಡಿದ ಉಪನ್ಯಾಸ)



ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನವನ್ನು ಕನ್ನಡ ನಾಡಿನ ಜೈನ ಶಾಸನಗಳು ಮತ್ತೆ ಮತ್ತೆ ಕೊಂಡಾಡುತ್ತವೆ. ಶ್ರಾವಕನಿಗೆ ವಿಧಿಸಿದ ಈ ಧರ್ಮವನ್ನು ಸರ್ಕಾರವೊಂದರ ವಿದೇಶ ನೀತಿಗೂ ಒರೆಗಲ್ಲಾಗಿ ಹಿಡಿಯಬಹುದು. ಹಾಗೆ ಹಿಡಿದಾಗ ಕಾಣುವ ಹಿರಿಮೆ ಮತ್ತು ಕೊರತೆ ಎರಡಕ್ಕೂ ಹೈದರಾಬಾದ್ ನಗರವೇ ಸಾಕ್ಷಿ.

ಮೊದಲು ಹಿರಿಮೆ. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ವಶವಾಯಿತು. ಆ ಆಡಳಿತಕ್ಕೆ ಭಾರತ ಮಾನ್ಯತೆ ನೀಡಲಿಲ್ಲ. ಆದರೂ 2022ರ ಜನವರಿ 1ರಂದು ಐದು ಲಕ್ಷ ಡೋಸ್ ಕೋವ್ಯಾಕ್ಸಿನ್ ಲಸಿಕೆಯನ್ನು ಕಾಬೂಲಿನ ಇಂದಿರಾ ಗಾಂಧಿ ಆಸ್ಪತ್ರೆಗೆ ಒಪ್ಪಿಸಿತು. ಅದು ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆಯ ಲಸಿಕೆ. ಮರುತಿಂಗಳು, ವಾಗ್ದಾನವಿತ್ತ 50,000 ಟನ್ ಗೋಧಿಯ ಮೊದಲ ಕಂತು ಅಟ್ಟಾರಿಯಿಂದ ಪಾಕಿಸ್ತಾನದ ಮಾರ್ಗವಾಗಿಯೇ ಹೊರಟಿತು. ಅದಕ್ಕೂ ಮೊದಲಿನಿಂದ ಅಫ್ಘನ್ ವಿದ್ಯಾರ್ಥಿಗಳು ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಮಂಡಳಿಯ ವಿದ್ಯಾರ್ಥಿವೇತನದಿಂದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತ ಬಂದಿದ್ದಾರೆ. ಭೈಷಜ್ಯ, ಆಹಾರ, ಶಾಸ್ತ್ರ ಮೂರೂ ಸಂದವು. ಆಳುವವರೊಡನೆ ಭಿನ್ನಮತವಿದ್ದರೂ ಹಸಿದವರನ್ನು ಕೈಬಿಡಲಾಗದು ಎಂಬ ವಿವೇಕ ಅಲ್ಲಿತ್ತು. ಅದು ಪ್ರಶಂಸಾರ್ಹ.

ಉಳಿದದ್ದು ಅಭಯ. ಅದೇ ನಗರದ ಅಂಚಿನ ಬಾಲಾಪುರದ ಸುತ್ತಮುತ್ತ ಕೆಲವು ಸಾವಿರ ರೋಹಿಂಗ್ಯಾ ಜನರು ಗುಡಿಸಲುಗಳಲ್ಲಿ ಬದುಕುತ್ತಿದ್ದಾರೆ. ಮ್ಯಾನ್ಮಾರಿನ 1982ರ ಪೌರತ್ವ ಕಾನೂನು ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿಸಿತು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ನೀಡಿದ ಗುರುತಿನ ಚೀಟಿ ಹಲವರ ಬಳಿ ಇದೆ. ಆದರೆ ಆ ಚೀಟಿಗೆ ಬೆಲೆ ಕಟ್ಟುವ ಕಾನೂನು ಭಾರತದಲ್ಲಿಲ್ಲ. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. 1946ರ ವಿದೇಶೀಯರ ಕಾಯ್ದೆಯಾಗಲಿ, ಅದರ ಸ್ಥಾನದಲ್ಲಿ 2025ರಲ್ಲಿ ಬಂದ ಹೊಸ ಕಾಯ್ದೆಯಾಗಲಿ ‘ನಿರಾಶ್ರಿತ’ ಎಂಬ ಪದವನ್ನು ನಿರೂಪಿಸುವುದಿಲ್ಲ. 2021ರ ಏಪ್ರಿಲ್ 8ರಂದು ರೋಹಿಂಗ್ಯಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಂವಿಧಾನದ 14 ಮತ್ತು 21ನೆಯ ವಿಧಿಗಳ ರಕ್ಷಣೆ ನಾಗರಿಕರಲ್ಲದವರಿಗೂ ಉಂಟೆಂದಿತು. ಗಡೀಪಾರಾಗದೆ ಉಳಿಯುವ ಹಕ್ಕು ಮಾತ್ರ ನಾಗರಿಕರದೆಂದಿತು. ಬದುಕುವ ಹಕ್ಕುಂಟು, ನಿಲ್ಲಲು ನೆಲೆಯಿಲ್ಲ.

ಭಾರತಕ್ಕೆ ಅಭಯ ನೀಡುವುದು ತಿಳಿಯದೆಂದಲ್ಲ. ಟಿಬೆಟಿನಿಂದ ಬಂದವರಿಗೆ ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ನೀಡಿತು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಸುಮಾರು ಒಂದು ಕೋಟಿ ಜನರಿಗೆ ದೇಶ ಅನ್ನವಿಟ್ಟಿತು. ಆದರೆ ಅವೆಲ್ಲ ಆಯಾ ಕಾಲದ ಸರ್ಕಾರಗಳ ಕೃಪೆಯಿಂದ ನಡೆದವು, ಕಾನೂನಿನ ಬಲದಿಂದಲ್ಲ.

ಲೆಕ್ಕಪತ್ರ ಬಲ್ಲವರಿಗೆ ಈ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. ದೇಣಿಗೆಯು ಆ ವರ್ಷದ ಖರ್ಚು. ಮುಂದಿನ ವರ್ಷ ಕೊಡದಿದ್ದರೆ ಕೇಳುವವರಿಲ್ಲ. ಸಾಲವಾದರೋ ಹೊಣೆ, ತೀರುವವರೆಗೂ ಆಸ್ತಿ-ಹೊಣೆ ಪಟ್ಟಿಯಲ್ಲಿ ನಿಲ್ಲುತ್ತದೆ. ಎರಡನೆಯ ಅಲೆ ಎದ್ದಾಗ 2021ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಲಸಿಕೆಯ ರಫ್ತು ಬಹುತೇಕ ನಿಂತಿತು. ಮನೆಯಲ್ಲೇ ಬೆಂಕಿ ಬಿದ್ದಾಗ ಅದು ಸಹಜ. ದಾನಕ್ಕೆ ಆ ಸ್ವಾತಂತ್ರ್ಯವುಂಟು. ಪ್ರಾಣಭಯದಿಂದ ಓಡಿ ಬಂದವನ ರಕ್ಷಣೆ ಮಾತ್ರ ಹೀಗೆ ನಿಂತು ನಡೆಯುವ ದೇಣಿಗೆಯಾಗಬಾರದು.

ಜೈನ ಸಮಾಜ ಇಲ್ಲಿ ಒಂದು ಕಹಿ ಪ್ರಶ್ನೆಯನ್ನು ಎದುರಿಸಲೇಬೇಕು. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಮೂರು ನೆರೆರಾಷ್ಟ್ರಗಳಿಂದ ಬಂದ ಆರು ಸಮುದಾಯಗಳನ್ನು ಹೆಸರಿಸಿತು. ಅವುಗಳಲ್ಲಿ ಜೈನರೂ ಇದ್ದಾರೆ. ಪಟ್ಟಿಯಲ್ಲಿ ಹೆಸರಿದೆ ಎಂದು ಸಮಾಧಾನಪಟ್ಟು ಕೂರುವುದು ಧರ್ಮವೇ? ಜಿನಸೇನಾಚಾರ್ಯರ ಮಹಾಪುರಾಣವು ಪಾತ್ರದತ್ತಿಯನ್ನೂ ದಯಾದತ್ತಿಯನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಪಾತ್ರದತ್ತಿಯಲ್ಲಿ ಪಡೆಯುವವನ ಯೋಗ್ಯತೆಯ ವಿಚಾರವುಂಟು. ದಯಾದತ್ತಿಯೆಂದರೆ ಅಭಯ, ಅಲ್ಲಿ ಜೀವಿಯ ಭಯವೊಂದೇ ಸಾಕಾದ ಅರ್ಹತೆ.

ದೇಶದ ಭದ್ರತೆಯ ಆತಂಕ ಸುಳ್ಳಲ್ಲ. ಆದರೆ ನಿಜವಾದ ನಿರಾಶ್ರಿತನನ್ನು ಅಪಾಯಕಾರಿಯಿಂದ ಬೇರ್ಪಡಿಸಲು ಅರ್ಜಿ, ವಿಚಾರಣೆ, ಮೇಲ್ಮನವಿಗಳುಳ್ಳ ಕ್ರಮ ಬೇಕು. ಕಾನೂನಿಲ್ಲದೆಡೆ ಇಬ್ಬರಿಗೂ ಒಂದೇ ಮೊಹರು ಬೀಳುತ್ತದೆ. ಶಶಿ ತರೂರ್ 2015ರಲ್ಲಿ ಲೋಕಸಭೆಯಲ್ಲಿ ಆಶ್ರಯದ ಕುರಿತು ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾಯ್ದೆಯಾಗಲಿಲ್ಲ.

ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂದಿದ್ದುದನ್ನು ‘ಎಲ್ಲ ಮಾನವರು’ ಎಂದು ಬದಲಾಯಿಸಲು ಕಾರಣರಾದವರು ಭಾರತದ ಹಂಸಾ ಮೆಹ್ತಾ. ಹೊರಗೆ ಆಡಿದ ಆ ಮಾತಿಗೆ ಒಳಗಿನ ಕಾನೂನೇ ಬಲ. ಆಹಾರದಾನ, ಔಷಧದಾನಗಳಿಗೆ ಹೆಸರಾದ ಜೈನ ಸಂಘಗಳು ತಮ್ಮ ಸಂಸದರಿಗೆ ಒಂದು ಮನವಿಯನ್ನೂ ಬರೆಯಲಿ: ಮತವನ್ನು ಕೇಳದ, ಭಯವನ್ನು ಮಾತ್ರ ವಿಚಾರಿಸುವ ನಿರಾಶ್ರಿತರ ಕಾಯ್ದೆ ಈ ದೇಶಕ್ಕೆ ಬೇಕು.